ಕಾಯದ ಮಿತಿ, ಕಾಯಕದ ಹದ: ಎಂ.ಎಸ್. ಎಂಬ ನರರೋಗದ ಸಮಗ್ರ ಆರೈಕೆ

ಕಾಯಕವೆಂಬ ಶಬ್ದದ ಮೂಲದಲ್ಲಿರುವುದು ಕಾಯ. ದೇಹವನ್ನು ಬಿಟ್ಟು ದುಡಿಮೆಯಿಲ್ಲವೆಂಬ ಸರಳ ಸತ್ಯ ಆ ಒಂದು ಶಬ್ದದಲ್ಲಿಯೇ ಅಡಗಿದೆ. ಶರಣರು ದುಡಿಮೆಗೆ ಸಲ್ಲಿಸಿದ ಗೌರವ ಸರ್ವವಿದಿತವಾದುದು. ಬಸವಣ್ಣನವರ ಹೆಸರನ್ನೇ ಹೊತ್ತ ಬಾಗೇವಾಡಿಯಲ್ಲಿಯೂ, ಅದೇ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳಗಳಲ್ಲಿಯೂ ಕಾಯಕವೆಂಬುದು ಗ್ರಂಥಸ್ಥವಾದ ಮಾತಲ್ಲ, ಮನೆಮಾತು. ಆದರೆ ಈ ಗೌರವಕ್ಕೆ ಒಂದು ನೆರಳೂ ಉಂಟು. ದುಡಿಯಲಾರದವನನ್ನು ಸಮಾಜ ಸುಲಭವಾಗಿ ಕ್ಷಮಿಸುವುದಿಲ್ಲ. ಕಾಲು ಮುರಿದಿದ್ದರೆ, ಮೈ ಸುಡುತ್ತಿದ್ದರೆ ನೆರೆಹೊರೆಯವರು ಅರಿತುಕೊಳ್ಳುತ್ತಾರೆ. ಕೈಕಾಲು ನೆಟ್ಟಗಿದ್ದು, ಮುಖದಲ್ಲಿ ಕಳೆಯಿದ್ದು, ಒಳಗಿನ ಶಕ್ತಿ ಮಾತ್ರ ಬತ್ತಿಹೋಗುವ ವ್ಯಾಧಿ ಬಂದರೆ ಅದಕ್ಕೆ ಮೈಗಳ್ಳತನವೆಂಬ ಹೆಸರು ಬೀಳುತ್ತದೆ. ಅಂಥ ವ್ಯಾಧಿಗಳಲ್ಲಿ ಒಂದು, ವೈದ್ಯರು ಎಂ.ಎಸ್. ಎಂದು ಕರೆಯುವ ಮಲ್ಟಿಪಲ್ ಸ್ಕ್ಲಿರೋಸಿಸ್. ಇದರ ಸ್ವರೂಪವೇನು, ಔಷಧದೊಡನೆ ದಿನಚರಿ, ಆಹಾರ, ವ್ಯಾಯಾಮ, ಮನೆಯವರ ನಡತೆ ಇವು ಹೇಗೆ ಕೂಡಿಬರಬೇಕು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳಲ್ಲಿರುವ ತಂತುಗಳಿಗೆ ಮೈಲಿನ್ ಎಂಬ ಕೊಬ್ಬಿನಂಶದ ಹೊದಿಕೆಯಿದೆ. ವಿದ್ಯುತ್ತಿನ ತಂತಿಯ ಮೇಲಿನ ರಬ್ಬರಿನ ಕವಚದಂತೆ ಇದು ನರಸಂದೇಶವು ಸೋರಿಹೋಗದೆ ವೇಗವಾಗಿ ಸಾಗುವಂತೆ ಕಾಯುತ್ತದೆ. ಹೊರಗಿನ ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾವ್ಯವಸ್ಥೆಯು ದಾರಿತಪ್ಪಿ ಈ ಹೊದಿಕೆಯನ್ನೇ ಶತ್ರುವೆಂದು ಬಗೆದು ಹರಿಯತೊಡಗುವುದೇ ಈ ರೋಗ. ಹರಿದ ಕಡೆ ಗಟ್ಟಿಯಾದ ಕಲೆ ನಿಲ್ಲುತ್ತದೆ. ಇಂಥ ಕಲೆಗಳು ಹಲವು ಸ್ಥಳಗಳಲ್ಲಿ ಮೂಡುವುದರಿಂದಲೇ ರೋಗಕ್ಕೆ ಆ ಹೆಸರು. ಕಲೆ ಮೂಡಿದ ಸ್ಥಳ ಯಾವುದೋ ಲಕ್ಷಣವೂ ಅದಕ್ಕೆ ತಕ್ಕಂತೆ: ಒಬ್ಬರಿಗೆ ಒಂದು ಕಣ್ಣು ಮಂಜಾದರೆ, ಇನ್ನೊಬ್ಬರಿಗೆ ಕಾಲು ಜೋಮು ಹಿಡಿಯುತ್ತದೆ, ಮತ್ತೊಬ್ಬರಿಗೆ ನಡಿಗೆ ತೂರಾಡುತ್ತದೆ, ಮೂತ್ರ ತಡೆಯಲಾಗುವುದಿಲ್ಲ. ಹಳ್ಳಿಗಳಲ್ಲಿ ಇದನ್ನು ಲಕ್ವವೆಂದು ತಿಳಿಯುವುದು ಸಹಜ. ಆದರೆ ಲಕ್ವವು ರಕ್ತನಾಳಕ್ಕೆ ಸಂಬಂಧಿಸಿದ್ದು, ಬಹುಮಟ್ಟಿಗೆ ವಯಸ್ಸಾದವರಿಗೆ ಬರುವಂಥದು. ಎಂ.ಎಸ್. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರೊಳಗಿನ ಪ್ರಾಯದವರಲ್ಲಿ, ಅದರಲ್ಲೂ ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

1868ರಲ್ಲಿ ಪ್ಯಾರಿಸ್ಸಿನ ವೈದ್ಯ ಶಾರ್ಕೋ ಈ ರೋಗವನ್ನು ಪ್ರತ್ಯೇಕವಾಗಿ ಗುರುತಿಸಿ ವರ್ಣಿಸಿದನು. ಇದು ಶೀತದೇಶಗಳ ರೋಗ, ನಮ್ಮಲ್ಲಿ ಇಲ್ಲವೆಂಬಷ್ಟು ವಿರಳ ಎಂಬ ನಂಬಿಕೆ ಬಹುಕಾಲ ನಡೆಯಿತು. ಕರ್ನಾಟಕದಲ್ಲಿಯೇ ನಡೆದ ಅಧ್ಯಯನವೊಂದು ಆ ನಂಬಿಕೆಯನ್ನು ತಿದ್ದಿದೆ. ಮಂಗಳೂರಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯ ಡಾ. ಲೇಖಾ ಪಂಡಿತರು ಮತ್ತು ಅವರ ಸಹೋದ್ಯೋಗಿ 2014ರಲ್ಲಿ ಪ್ರಕಟಿಸಿದ ಎಣಿಕೆಯಂತೆ ಮಂಗಳೂರು ನಗರದಲ್ಲಿ ಲಕ್ಷ ಜನರಿಗೆ ಸುಮಾರು ಎಂಟು ಮಂದಿಗೆ ಈ ರೋಗವಿತ್ತು. ಪಾಶ್ಚಾತ್ಯ ದೇಶಗಳ ಲೆಕ್ಕಕ್ಕೆ ಇದು ಕಡಮೆಯೇ. ಆದರೆ ಇಲ್ಲವೆನ್ನುವಷ್ಟು ಕಡಮೆಯಲ್ಲ. ಹಿಂದೆ ರೋಗವಿರಲಿಲ್ಲವೆನ್ನುವುದಕ್ಕಿಂತ ಅದನ್ನು ಕಾಣುವ ಕಣ್ಣು ಇರಲಿಲ್ಲವೆನ್ನುವುದು ಹೆಚ್ಚು ಯುಕ್ತ. 1980ರ ದಶಕದಲ್ಲಿ ಬಳಕೆಗೆ ಬಂದ ಎಂ.ಆರ್.ಐ. ಯಂತ್ರವೇ ಆ ಕಣ್ಣು. ಇದರ ಕಾರಣದ ವಿಷಯದಲ್ಲಿಯೂ ಅರಿವು ಬೆಳೆದಿದೆ. ಅಮೆರಿಕದ ಒಂದು ಕೋಟಿಗೂ ಮಿಕ್ಕ ಸೈನಿಕರ ದಾಖಲೆಗಳನ್ನು ಆಧರಿಸಿ 2022ರಲ್ಲಿ ಹೊರಬಂದ ಸಂಶೋಧನೆಯು, ಎಪ್‌ಸ್ಟೈನ್-ಬಾರ್ ಎಂಬ ಸರ್ವೇಸಾಮಾನ್ಯ ವೈರಾಣುವಿನ ಸೋಂಕಿಗೂ ಈ ರೋಗಕ್ಕೂ ಗಾಢವಾದ ಸಂಬಂಧವನ್ನು ತೋರಿಸಿತು. ಆ ಸೋಂಕು ಬಹುತೇಕ ಎಲ್ಲರಿಗೂ ತಗಲುತ್ತದೆ, ರೋಗ ಕೆಲವರಿಗೆ ಮಾತ್ರ ಬರುತ್ತದೆ. ಆದಕಾರಣ ವೈರಾಣುವೊಂದೇ ಕಾರಣವಲ್ಲ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಯಾರ ಶಾಪವೂ, ಯಾವ ಪೂರ್ವಕರ್ಮದ ಶಿಕ್ಷೆಯೂ ಅಲ್ಲ.

ಈಗ 'ಸಮಗ್ರ' ಎಂಬ ಶಬ್ದವನ್ನು ಪರಿಶೀಲಿಸಬೇಕು. ಈಚೆಗೆ ಈ ಶಬ್ದ ಔಷಧವನ್ನು ಬಿಟ್ಟು ನಡೆಸುವ ಚಿಕಿತ್ಸೆಗೆ ಹೆಸರಾಗಿ ಬಳಕೆಯಾಗುತ್ತಿರುವುದುಂಟು. ಇದು ಶಬ್ದಕ್ಕೆ ಬಗೆದ ಅನ್ಯಾಯ. ಒಂದಂಗವನ್ನು ಕಳೆದರೆ ಉಳಿಯುವುದು ಸಮಗ್ರವಲ್ಲ, ವಿಕಲ. 1993ರಲ್ಲಿ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದಿಗೆ ಅಮೆರಿಕದಲ್ಲಿ ಅನುಮತಿ ದೊರೆತಂದಿನಿಂದ, ರೋಗದ ಮರುಕಳಿಕೆಯನ್ನು ತಗ್ಗಿಸುವ ಹಲವು ಔಷಧಗಳು ಬಂದಿವೆ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇಂಥ ಮೂರು ಔಷಧಗಳನ್ನು ತನ್ನ ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಇವು ರೋಗವನ್ನು ಬೇರುಸಹಿತ ಕೀಳುವುದಿಲ್ಲ; ಹೊಸ ಕಲೆಗಳು ಮೂಡುವುದನ್ನು ತಡೆಯುತ್ತವೆ. ಆ ಕೆಲಸವನ್ನು ಆಹಾರವಾಗಲಿ ಆಸನವಾಗಲಿ ಮಾಡಲಾರದು. ಅಂತೆಯೇ, ದಣಿವು, ಬಿಗಿತ, ಮೂತ್ರಬಾಧೆ, ಮನೋವ್ಯಥೆಗಳೊಡನೆ ದಿನ ಕಳೆಯುವ ಕೆಲಸವನ್ನು ಆ ಔಷಧಗಳೊಂದೇ ಮಾಡಲಾರವು. ಎರಡೂ ಕೂಡಿದಾಗಲೇ ಆರೈಕೆ ಸಮಗ್ರವಾಗುವುದು.

ಔಷಧವಿಲ್ಲದೆ ಗುಣವಾಯಿತೆಂಬ ಮಾತು ಎಲ್ಲೆಡೆ ಕೇಳಿಬರುವುದೇಕೆ? ಉತ್ತರ ರೋಗದ ಸ್ವಭಾವದಲ್ಲಿಯೇ ಇದೆ. ನೂರರಲ್ಲಿ ಸುಮಾರು ಎಂಬತ್ತೈದು ಮಂದಿಗೆ ಈ ರೋಗ ಆರಂಭದಲ್ಲಿ ಬಂದು ಹೋಗುವ ರೀತಿಯದು. ಕೆಲವು ವಾರ ಕಾಡಿ, ತಾನಾಗಿಯೇ ಇಳಿದು, ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಸುಮ್ಮನಿರುತ್ತದೆ. ಇಳಿಯುವ ವೇಳೆಗೆ ಕಟ್ಟಿದ ತಾಯಿತ, ಹೊತ್ತ ಹರಕೆ, ಕುಡಿದ ಕಷಾಯ, ಯಾವುದಿದ್ದರೂ ಕೀರ್ತಿ ಅದಕ್ಕೇ ಸಲ್ಲುತ್ತದೆ. ಆ ನೆಚ್ಚಿಕೆಯಲ್ಲಿ ಔಷಧ ನಿಂತುಹೋದರೆ, ಮುಂದಿನ ಆಘಾತ ಬಂದಾಗ ಕಳೆದ ಕಾಲ ಮರಳುವುದಿಲ್ಲ. ಗಿಡಮೂಲಿಕೆಯೆಂದರೆ ನಿರಪಾಯವೆಂಬ ಭಾವನೆಯೂ ಪೂರ್ಣ ಸರಿಯಲ್ಲ. ರೋಗನಿರೋಧಕ ಶಕ್ತಿಯನ್ನು ಹೆಚ್ಚಿಸುವುದೆಂದು ಮಾರುವ ವಸ್ತುವು, ಆ ಶಕ್ತಿಯೇ ದಾರಿತಪ್ಪಿರುವ ರೋಗದಲ್ಲಿ ಹಿತವೆಂದು ಹೇಳಲು ಆಧಾರವಿಲ್ಲ. ಮನೆಯಲ್ಲಿ ತೆಗೆದುಕೊಳ್ಳುವ ಪ್ರತಿಯೊಂದು ಚೂರ್ಣ, ಭಸ್ಮ, ಗುಳಿಗೆಯ ವಿಷಯವನ್ನೂ ನರರೋಗತಜ್ಞರಿಗೆ ಮುಚ್ಚಿಡದೆ ತಿಳಿಸುವುದು ಕ್ಷೇಮ. ಇದೇ ಲಕ್ಷಣಗಳನ್ನು ತೋರುವ, ಬೇರೆಯೇ ಆದ ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ರೋಗವೂ ನಮ್ಮ ನಾಡಿನಲ್ಲಿದೆ. 2004ರಲ್ಲಿ ಕಂಡುಹಿಡಿದ ರಕ್ತಪರೀಕ್ಷೆಯಿಂದ ಅದನ್ನು ಬಹುಮಟ್ಟಿಗೆ ಬೇರ್ಪಡಿಸಬಹುದು. ಎಂ.ಎಸ್.ನ ಕೆಲವು ಔಷಧಗಳು ಅದಕ್ಕೆ ಹಾನಿಕರವಾದ್ದರಿಂದ ಮೊದಲು ರೋಗನಿರ್ಣಯ ಖಚಿತವಾಗಬೇಕು.

ದಿನಚರಿಯ ವಿಷಯದಲ್ಲಿ, ಭೀಮೆ-ಕೃಷ್ಣೆಯರ ನಡುವಣ ಈ ಬಯಲುಸೀಮೆಗೆ ಮೊದಲು ಹೇಳಬೇಕಾದದ್ದು ಬಿಸಿಲು. 1890ರಲ್ಲಿ ಉಥಾಫ್ ಎಂಬ ಜರ್ಮನ್ ನೇತ್ರವೈದ್ಯನು, ಈ ರೋಗಿಗಳು ಮೈದಣಿದಾಗ ಅವರ ದೃಷ್ಟಿ ಮಂಜಾಗಿ, ವಿಶ್ರಮಿಸಿದ ಮೇಲೆ ಮರಳಿ ತಿಳಿಯಾಗುವುದನ್ನು ಗಮನಿಸಿದನು. ಇದಕ್ಕೆ ಕಾರಣ ಮೈಯ ಬಿಸಿ ಏರುವುದೆಂದು ಮುಂದೆ ತಿಳಿಯಿತು. ಹೊದಿಕೆ ಹರಿದ ನರವು ಬಿಸಿಯಲ್ಲಿ ಸಂದೇಶವನ್ನು ಸಾಗಿಸಲಾರದು. ಮೈಯ ಉಷ್ಣತೆ ಅರ್ಧ ಡಿಗ್ರಿಯಷ್ಟು ಏರಿದರೂ ಕೆಲವರ ಕಾಲು ಸೋಲುತ್ತದೆ. ಎಂ.ಆರ್.ಐ. ಬರುವ ಮೊದಲು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣಗಳು ಹೆಚ್ಚುವುದೇ ಎಂದು ನೋಡುವ ಪರೀಕ್ಷೆಯೇ ರೂಢಿಯಲ್ಲಿತ್ತು. ಮೇ ತಿಂಗಳಲ್ಲಿ ಉಷ್ಣಮಾಪಕ ನಲವತ್ತು ಡಿಗ್ರಿ ಮುಟ್ಟುವ ಈ ತಾಲ್ಲೂಕುಗಳಲ್ಲಿ ಅಂಥ ಪರೀಕ್ಷೆಯನ್ನು ಸೂರ್ಯನೇ ದಿನವೂ ನಡೆಸುತ್ತಾನೆ.

ಸಮಾಧಾನದ ಸಂಗತಿಯೆಂದರೆ, ಬಿಸಿಯಿಂದ ಬಂದ ಈ ಸೋಲು ಹೊಸ ಗಾಯದಿಂದ ಬಂದುದಲ್ಲ, ತಂಪಾದೊಡನೆ ಇಳಿಯುತ್ತದೆ. ಜ್ವರವೂ ಸೋಂಕೂ ಇಲ್ಲದೆ, ಹೊಸ ತೊಂದರೆಯೊಂದು ಇಪ್ಪತ್ತನಾಲ್ಕು ಗಂಟೆ ಮೀರಿ ನಿಂತರೆ ಅದು ರೋಗದ ಮರುಕಳಿಕೆಯಿರಬಹುದು. ಆಗ ತಡಮಾಡದೆ ವೈದ್ಯರನ್ನು ಕಾಣಬೇಕು. ಈ ಭೇದವನ್ನು ಅರಿತ ಮನೆಯಲ್ಲಿ ಅರ್ಧ ಭಯ ಕಡಮೆಯಾಗುತ್ತದೆ. ಹೊಲದ ಕೆಲಸ, ಸಂತೆ, ನೀರು ತರುವುದು ಇವೆಲ್ಲ ಬೆಳಗಿನ ತಂಪಿನಲ್ಲಿ ಮುಗಿಯಬೇಕು. ತಣ್ಣೀರಿನಲ್ಲಿ ಅದ್ದಿ ಹಿಂಡಿದ ವಲ್ಲಿಯನ್ನು ತಲೆ, ಕೊರಳು, ಭುಜಗಳ ಮೇಲೆ ಹೊದ್ದುಕೊಳ್ಳುವುದು ಖರ್ಚಿಲ್ಲದ ಉತ್ತಮ ಉಪಾಯ. ಪರದೇಶಗಳಲ್ಲಿ ಮಂಜುಗಡ್ಡೆಯ ಚೀಲಗಳಿರುವ ಅಂಗಿ ತೊಡಿಸುವುದೂ ಇದೇ ತತ್ತ್ವದ ಮೇಲೆ. ತಗಡಿನ ಸೂರಿಗಿಂತ ಹಳೆಯ ಮಣ್ಣಿನ ಮಾಳಿಗೆಯ ಮನೆ ಇವರಿಗೆ ಹಿತ. ಸುಡುವ ನೀರನ್ನು ಮೈಮೇಲೆ ಎರೆದುಕೊಳ್ಳುವ ರೂಢಿಯನ್ನು ಬಿಟ್ಟು ಉಗುರುಬೆಚ್ಚಗಿನ ಅಥವಾ ತಣ್ಣನೆಯ ನೀರನ್ನು ಬಳಸಬೇಕು. ಹಬೆಯಲ್ಲಿ ಮೈ ಬೆವರಿಸುವ ಚಿಕಿತ್ಸೆಯೂ ಇವರಿಗೆ ಒಗ್ಗದು. ಸ್ಪರ್ಶಜ್ಞಾನ ಕುಂದಿದ ಕಾಲಿಗೆ ನೀರಿನ ಬಿಸಿ ತಿಳಿಯದೆ ಸುಟ್ಟ ಗಾಯವಾಗುವ ಅಪಾಯವೂ ಉಂಟು. ಯುಗಾದಿಯ ಮುಂಚೆ ಈ ಭಾಗದಿಂದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಭಕ್ತರು ಅಸಂಖ್ಯ. ಈ ರೋಗವುಳ್ಳವರಿಗೆ ಆ ಬಿಸಿಲಿನ ನಡಿಗೆ ತಕ್ಕುದಲ್ಲ. ವಾಹನದಲ್ಲಿ ಹೋಗಿ ಬಂದರೆ ಭಕ್ತಿಗೆ ಊನವೇನೂ ಇಲ್ಲ.

ಬಾಣಂತಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಈ ರೋಗವುಳ್ಳ ಹೆಣ್ಣುಮಕ್ಕಳು ತಾಯಿಯಾಗಬಾರದೆಂಬ ತಪ್ಪು ತಿಳಿವಳಿಕೆ ಹಿಂದೆ ವೈದ್ಯರಲ್ಲಿಯೂ ಇತ್ತು. 1998ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವು 254 ಸ್ತ್ರೀಯರನ್ನು ಅನುಸರಿಸಿ ನೋಡಿ, ಗರ್ಭಕಾಲದಲ್ಲಿ, ವಿಶೇಷವಾಗಿ ಕೊನೆಯ ಮೂರು ತಿಂಗಳಲ್ಲಿ, ಮರುಕಳಿಕೆ ಕಡಮೆಯಾಗುವುದನ್ನೂ, ಹೆರಿಗೆಯ ನಂತರದ ಮೂರು ತಿಂಗಳಲ್ಲಿ ಹೆಚ್ಚುವುದನ್ನೂ ತೋರಿಸಿತು. ನಮ್ಮ ಸೀಮೆಯಲ್ಲಿ ಇದೇ ಮೂರು ತಿಂಗಳು ಬಾಣಂತಿಯನ್ನು ಗಾಳಿಯಾಡದ ಕೋಣೆಯಲ್ಲಿಟ್ಟು, ಕುದಿಯುವ ನೀರನ್ನು ಎರೆದು, ಹೊರಸಿನ ಕೆಳಗೆ ಕೆಂಡವಿಟ್ಟು ಕಾಸುವ ಕಾಲ. ಪ್ರೀತಿಯಿಂದ ನಡೆಯುವ ಈ ಉಪಚಾರವು ಈ ಒಬ್ಬಳಿಗೆ ಉಪಚಾರವಾಗುವುದಿಲ್ಲ. ಬಿಸಿಯಿಂದಲೇ ಕೈಕಾಲು ಸೋತರೆ ಹೊಸ ಆಘಾತ ಬಂತೆಂದು ಮನೆಯವರು ಗಾಬರಿಯಾಗುತ್ತಾರೆ. ನಿಜವಾದ ಆಘಾತ ಬಂದಾಗ ಬಾಣಂತಿಯ ನಿಶ್ಶಕ್ತಿಯೆಂದು ಸುಮ್ಮನಾಗುತ್ತಾರೆ. ತಾಯಿಯಾಗುವ ಮುನ್ನವೇ ವೈದ್ಯರೊಡನೆ ಔಷಧದ ವಿಷಯವನ್ನು ಗೊತ್ತುಮಾಡಿಕೊಂಡು, ಬಾಣಂತನವನ್ನು ತಂಪಾದ, ಗಾಳಿ ಬೆಳಕಿರುವ ಕೋಣೆಯಲ್ಲಿ ನಡೆಸಬೇಕು. ರಾತ್ರಿ ಕೂಸನ್ನು ಎತ್ತಿಕೊಳ್ಳುವ ಕೆಲಸವನ್ನು ಮನೆಯ ಉಳಿದವರು ಹಂಚಿಕೊಂಡು ಅವಳಿಗೆ ನಿದ್ರೆಯನ್ನು ಒದಗಿಸಬೇಕು.

ಬಿಸಿಲಿನ ನಂತರ ದಣಿವು. ಈ ರೋಗವುಳ್ಳ ನಾಲ್ವರಲ್ಲಿ ಸುಮಾರು ಮೂವರನ್ನು ಇದು ಪೀಡಿಸುತ್ತದೆ. ಇದು ದುಡಿದು ಬಂದ ದಣಿವಲ್ಲ; ರಾತ್ರಿಯೆಲ್ಲ ಮಲಗಿ ಎದ್ದವರನ್ನೂ ಬೆಳಿಗ್ಗೆಯೇ ಆವರಿಸುವ, ತಲೆ ಎತ್ತಲಾರದಂತೆ ಮಾಡುವ ಭಾರ. ರಕ್ತಹೀನತೆ, ಥೈರಾಯ್ಡ್ ದೋಷ, ನಿದ್ರಾಭಂಗ, ಖಿನ್ನತೆ ಇವುಗಳಲ್ಲಿ ಯಾವುದಾದರೂ ಇದಕ್ಕೆ ಕೂಡಿಕೊಂಡಿದೆಯೇ ಎಂದು ಮೊದಲು ಪರೀಕ್ಷಿಸಬೇಕು. ಅವು ಚಿಕಿತ್ಸೆಗೆ ಬಗ್ಗುವಂಥವು. ಉಳಿದ ದಣಿವಿಗೆ ಪರಿಹಾರವೆಂದರೆ ಶಕ್ತಿಯನ್ನು ಹಣದಂತೆ ಅಳೆದು ವ್ಯಯಿಸುವುದು. ಚೈತನ್ಯವಿದ್ದ ದಿನ ಎರಡು ದಿನದ ಕೆಲಸ ಮಾಡಿ ಮುಂದಿನ ನಾಲ್ಕು ದಿನ ಹಾಸಿಗೆ ಹಿಡಿಯುವುದು ಈ ರೋಗಿಗಳು ಸಾಮಾನ್ಯವಾಗಿ ಮಾಡುವ ತಪ್ಪು.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನಪಿಗೆ ಬರುವುದು ಸಹಜ. ಮುದ್ದೇಬಿಹಾಳದಿಂದ ಕೃಷ್ಣೆಯನ್ನು ದಾಟಿದರೆ ಸಿಗುವ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳ ಕಾಯಕ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅಷ್ಟನ್ನು ತಂದ ಕಡೆಗೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳು. ಗೋಷ್ಠಿಯಲ್ಲಿ ಮೈಮರೆತು ಕಾಯಕವನ್ನು ಮರೆತಾಗ ಅವನನ್ನು ಎಚ್ಚರಿಸಿದವಳೂ ಅವಳೇ. ಆ ಪ್ರಸಂಗದ ನೇರವಾದ ವಿಷಯ ಆಸೆಯ ನಿಗ್ರಹವೇ ಹೊರತು ಆರೋಗ್ಯವಲ್ಲ. ಆದರೂ ಅದರಿಂದ ಒಂದು ತತ್ತ್ವ ಸ್ಪಷ್ಟವಾಗುತ್ತದೆ: ಕಾಯಕವು ರಾಶಿಯ ಲೆಕ್ಕವಲ್ಲ, ಅದಕ್ಕೊಂದು ಅಳತೆಯಿದೆ, ಅಳತೆ ಮೀರಿದುದು ಕಾಯಕವಾಗುವುದಿಲ್ಲ. ಹಾಗಿರುವಾಗ, ರೋಗದಿಂದ ಕುಂದಿದ ಕಾಯವು ತನ್ನ ಅಳತೆಯಷ್ಟನ್ನು ಮಾಡಿ ನಿಲ್ಲಿಸಿದರೆ ಅದನ್ನು ಆಲಸ್ಯವೆಂದು ಜರೆಯುವವರು ಕಾಯಕದ ಹೆಸರಿನಲ್ಲಿ ಕಾಯಕದ ಅರ್ಥವನ್ನೇ ಮರೆತವರಾಗುತ್ತಾರೆ.

ಈ ಅಳತೆಯನ್ನು ಅಡುಗೆಮನೆಯಿಂದಲೇ ಆರಂಭಿಸಬಹುದು. ದಿನವೂ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಮನೆಮಂದಿಗೆಲ್ಲ ರೊಟ್ಟಿ ಬಡಿಯುವುದರಲ್ಲಿ ಬಿಸಿ, ಬಿಗಿತ, ದಣಿವು ಮೂರೂ ಸೇರುತ್ತವೆ. ಎತ್ತರದ ಕಟ್ಟೆಯ ಮೇಲೆ ಒಲೆಯಿಟ್ಟು, ಕುರ್ಚಿಯಲ್ಲಿ ಕುಳಿತು ಮಾಡಿದರೆ ಕಾಲಿಗೆ ವಿಶ್ರಾಂತಿ. ವಾರಕ್ಕೊಮ್ಮೆ ನಾಲ್ಕು ಕೈ ಕೂಡಿ ಖಡಕ್ ರೊಟ್ಟಿ ಮಾಡಿಟ್ಟರೆ ಉಳಿದ ದಿನಗಳ ಬೆಂಕಿಯ ಕೆಲಸ ತಪ್ಪುತ್ತದೆ. ಎರಡು ಕೆಲಸಗಳ ನಡುವೆ, ದಣಿವು ಬರುವ ಮುನ್ನವೇ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಒರಗಬೇಕು. ಮಠದ ದಾಸೋಹದಲ್ಲಿ ಸೇವೆ ಮಾಡಬಯಸುವವರಿಗೆ ನೆರಳಿನಲ್ಲಿ ಕುಳಿತು ಕಾಳು ಹಸನು ಮಾಡುವ, ಪಲ್ಯ ಸೋಸುವ ಕೆಲಸ ಕೊಟ್ಟರೆ ಅವರ ಸೇವೆಗೂ ಸ್ಥಾನ ದೊರೆಯುತ್ತದೆ.

ಹಾಗೆಂದು ಸದಾ ಮಲಗಿರುವುದು ಮದ್ದಲ್ಲ. ವ್ಯಾಯಾಮದಿಂದ ರೋಗ ಹೆಚ್ಚುವುದೆಂದು ಹಿಂದೆ ವೈದ್ಯರೇ ಹೆದರುತ್ತಿದ್ದರು. 1996ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು ಹದಿನೈದು ವಾರಗಳ ಕ್ರಮಬದ್ಧ ವ್ಯಾಯಾಮದಿಂದ ರೋಗಿಗಳ ದೇಹಬಲ ಮತ್ತು ಉತ್ಸಾಹ ಹೆಚ್ಚಿದುದನ್ನು ತೋರಿಸಿದ ಮೇಲೆ ಆ ಭಯ ಹಿಂಜರಿಯಿತು. ಯೋಗದ ವಿಷಯದಲ್ಲಿ ಉಲ್ಲೇಖಾರ್ಹವಾದುದು 2004ರ ಇನ್ನೊಂದು ಪ್ರಯೋಗ. ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಜನಿಸಿದ ಬಿ.ಕೆ.ಎಸ್. ಅಯ್ಯಂಗಾರರ ಯೋಗಪದ್ಧತಿಯನ್ನು ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಈ ರೋಗಿಗಳಿಗೆ ಕಲಿಸಿ ನೋಡಲಾಯಿತು. 69 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ಯೋಗ, ಇನ್ನೊಂದಕ್ಕೆ ಸಾಮಾನ್ಯ ವ್ಯಾಯಾಮ, ಮೂರನೆಯದಕ್ಕೆ ಯಾವುದೂ ಇಲ್ಲವೆಂದು ಗೊತ್ತುಮಾಡಿದರು. ಆರು ತಿಂಗಳ ತರುವಾಯ ಯೋಗ ಮಾಡಿದವರಿಗೂ ವ್ಯಾಯಾಮ ಮಾಡಿದವರಿಗೂ ದಣಿವು ಸಮಾನವಾಗಿ ತಗ್ಗಿತ್ತು; ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ವ್ಯತ್ಯಾಸವಾಗಿರಲಿಲ್ಲ. ಇದರಿಂದ ತಿಳಿಯಬೇಕಾದದ್ದು, ಯೋಗವು ಪವಾಡವಲ್ಲ, ನಿರರ್ಥಕವೂ ಅಲ್ಲ ಎಂಬುದು. ಅಯ್ಯಂಗಾರರ ಪದ್ಧತಿಯಲ್ಲಿ ಕುರ್ಚಿ, ಗೋಡೆ, ಹಗ್ಗ, ದಿಂಬುಗಳ ಆಸರೆಯಿರುವುದರಿಂದ ತೂರಾಡುವವರಿಗೂ ಅದು ಸಾಧ್ಯ. ಬೆಳಗಿನ ತಂಪಿನಲ್ಲಿ, ಬಿಗಿದ ಕಾಲುಗಳನ್ನು ನಿಧಾನವಾಗಿ ಚಾಚಿ ಸಡಿಲಿಸುವುದರಿಂದ ಆರಂಭಿಸಬೇಕು.

ಮೂತ್ರಬಾಧೆಯನ್ನು ಹೆಣ್ಣುಮಕ್ಕಳು ನಾಚಿಕೆಯಿಂದ ಹೇಳುವುದಿಲ್ಲ. ಬಹಿರ್ದೆಸೆಗೆ ಹೋಗಲು ಅನುಕೂಲವಿಲ್ಲದ ಕಡೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಇದರಿಂದ ಮೂತ್ರದ ಸೋಂಕು, ಮಲಬದ್ಧತೆ, ಜ್ವರ. ಜ್ವರದಿಂದ ಮೈಬಿಸಿ ಏರಿ ಕೈಕಾಲಿನ ಸೋಲು. ಒಂದು ಸಂಕೋಚ ಇಷ್ಟು ತೊಂದರೆಗಳನ್ನು ಹೆರುತ್ತದೆ. ಹಗಲು ಸಾಕಷ್ಟು ನೀರು, ಮಜ್ಜಿಗೆ, ಇಂಡಿಯ ಪ್ರಸಿದ್ಧ ನಿಂಬೆಯ ಪಾನಕ ಇವನ್ನು ಕುಡಿದು, ಸಂಜೆಯ ಮೇಲೆ ಕಡಮೆ ಮಾಡಿ, ಗೊತ್ತಾದ ವೇಳೆಗೆ ಹೋಗುವ ಅಭ್ಯಾಸವನ್ನಿಟ್ಟುಕೊಳ್ಳಬೇಕು. ಶೌಚಾಲಯ ಮಲಗುವ ಸ್ಥಳಕ್ಕೆ ಹತ್ತಿರವಿದ್ದು ಹಿಡಿದೇಳಲು ಒಂದು ಸಲಾಕೆಯಿದ್ದರೆ ಬಿದ್ದು ಮೂಳೆ ಮುರಿಯುವುದು ತಪ್ಪುತ್ತದೆ. ಆಹಾರದಲ್ಲಿ ಈ ರೋಗವನ್ನು ಗುಣಪಡಿಸುವ ಪಥ್ಯವೊಂದು ಸಿದ್ಧಪಟ್ಟಿಲ್ಲ. ಆದಕಾರಣ ದುಬಾರಿ ಪುಡಿಗಳಿಗೆ ಹಣ ಸುರಿಯಬೇಕಾಗಿಲ್ಲ. ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಮೆಂತ್ಯೆ, ಹೆಸರುಕಾಳು, ಅಗಸಿ ಹಿಂಡಿ, ಮೊಸರು ಇವುಳ್ಳ ಈ ಸೀಮೆಯ ಊಟವು ನಾರಿನಿಂದಲೂ ಸತ್ತ್ವದಿಂದಲೂ ಕೂಡಿದುದು, ಮಲಬದ್ಧತೆಗೆ ಹಿತ. ಬೀಡಿ, ಸಿಗರೇಟುಗಳು ರೋಗದ ವೇಗವನ್ನು ಹೆಚ್ಚಿಸುವುದರಿಂದ ಅವನ್ನು ಪೂರ್ಣವಾಗಿ ತ್ಯಜಿಸಬೇಕು. ಬಿಸಿಲಿನ ನಾಡಿನಲ್ಲಿಯೂ ವಿಟಮಿನ್ ಡಿ ಕೊರತೆ ಸಾಮಾನ್ಯ. ಪರೀಕ್ಷೆಯಲ್ಲಿ ಕೊರತೆ ಕಂಡರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಸೇವಿಸಬೇಕು, ಅತಿಯಾದರೆ ಅದೂ ಹಾನಿಕರ.

ಮನಸ್ಸಿನ ಆರೈಕೆ ಕೊನೆಯದಾಗಿ ಹೇಳಿದರೂ ಕಡೆಯದಲ್ಲ. ಈ ರೋಗದಲ್ಲಿ ಖಿನ್ನತೆ ಬಹು ಸಾಮಾನ್ಯ. ಅದು ಧೈರ್ಯದ ಕೊರತೆಯಲ್ಲ, ರೋಗದ ಒಂದು ಭಾಗ. 2010ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ 150 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಎಂಟು ವಾರಗಳ ಧ್ಯಾನಾಭ್ಯಾಸವು ಖಿನ್ನತೆಯನ್ನೂ ದಣಿವನ್ನೂ ಕಡಮೆ ಮಾಡಿತು. ಇಷ್ಟಲಿಂಗಪೂಜೆಯ ಅಭ್ಯಾಸವುಳ್ಳ ಮನೆಗಳಲ್ಲಿ ದಿನದ ಕೆಲವು ನಿಮಿಷ ನಿಶ್ಚಲವಾಗಿ ಕುಳಿತುಕೊಳ್ಳುವುದು ಹೊಸದೇನಲ್ಲ. ಕೆಳಗೆ ಕೂರಲಾಗದಿದ್ದರೆ ಕುರ್ಚಿಯಲ್ಲಿ ಕುಳಿತರೂ ಏಕಾಗ್ರತೆಗೆ ಕುಂದಿಲ್ಲ. ಆದರೆ ಖಿನ್ನತೆ ಗಾಢವಾದಾಗ ಧ್ಯಾನವೊಂದನ್ನೇ ನಂಬದೆ ವೈದ್ಯರ ನೆರವನ್ನು ಪಡೆಯಬೇಕು.

ಆಶ್ರಯವಾಗಬಲ್ಲ ವ್ಯವಸ್ಥೆಗಳೂ ಉಂಟು. 1985ರಲ್ಲಿ ಸ್ಥಾಪಿತವಾದ ಮಲ್ಟಿಪಲ್ ಸ್ಕ್ಲಿರೋಸಿಸ್ ಸೊಸೈಟಿ ಆಫ್ ಇಂಡಿಯಾ ಸಂಸ್ಥೆಯ ಶಾಖೆ ಬೆಂಗಳೂರಿನಲ್ಲಿದೆ. ಅಲ್ಲಿಯೇ ನಿಮ್ಹಾನ್ಸ್ ಸಂಸ್ಥೆಯೂ ಇದೆ. ಆದರೆ ವಿಜಯಪುರದಿಂದ ಬೆಂಗಳೂರಿಗೆ ಐದು ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಆದಕಾರಣ ರೋಗನಿರ್ಣಯ ಮತ್ತು ಔಷಧದ ನಿರ್ಧಾರ ದೊಡ್ಡ ಊರಿನಲ್ಲಿ ನಡೆದರೂ, ಎಲ್ಲ ಕಾಗದಪತ್ರಗಳನ್ನು ಒಂದೆಡೆ ಜೋಪಾನವಾಗಿಟ್ಟು ಹತ್ತಿರದ ವೈದ್ಯರೊಬ್ಬರಿಗೆ ರೋಗದ ಪರಿಚಯ ಮಾಡಿಸಿರುವುದು ವಿಹಿತ. 1995ರ ಅಂಗವಿಕಲರ ಅಧಿನಿಯಮದಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು. 2016ರ ಅಧಿನಿಯಮವು ಅವನ್ನು ಇಪ್ಪತ್ತೊಂದಕ್ಕೆ ಏರಿಸಿ, ಈ ರೋಗವನ್ನು ಹೆಸರಿಸಿಯೇ ಸೇರಿಸಿದೆ. ನ್ಯೂನತೆ ಶೇಕಡ ನಲವತ್ತು ಮುಟ್ಟಿದವರು ಪ್ರಮಾಣಪತ್ರ ಪಡೆದು, ಆ ಅಧಿನಿಯಮದ ಪ್ರಕಾರ ಸೌಲಭ್ಯಗಳಿಗೆ ಅರ್ಹರಾಗುತ್ತಾರೆ. ಇದು ಬೇಡುವ ದಾನವಲ್ಲ, ಸಲ್ಲಬೇಕಾದ ಹಕ್ಕು.

ಇಷ್ಟನ್ನೂ ಒಟ್ಟಾಗಿ ನೋಡಿದರೆ, ಸಮಗ್ರ ಆರೈಕೆಯೆಂಬುದು ಎಲ್ಲೋ ದೊರೆಯುವ ಅಪೂರ್ವ ವಸ್ತುವಲ್ಲ. ಔಷಧ ತಪ್ಪದ ನಿಯಮ, ಬೆಳಗಿನ ತಂಪಿನಲ್ಲಿ ಮುಗಿದ ಕೆಲಸ, ಹಸಿಯ ವಲ್ಲಿ, ತಂಬಿಗೆ ನೀರು, ಆಸರೆಯ ಕುರ್ಚಿ, ಇವೆಲ್ಲಕ್ಕೂ ಮಿಗಿಲಾಗಿ ನಂಬುವ ಮನೆಯವರು. ಕಣ್ಣಿಗೆ ಕಾಣದ ದಣಿವನ್ನು ಹೇಳಿಕೊಂಡವರ ಮಾತನ್ನು ನಂಬುವುದೇ ಮೊದಲ ಚಿಕಿತ್ಸೆ. ಸೊಸೆ ಹಗಲಿನಲ್ಲಿ ಮಲಗಿದ್ದನ್ನು ಕಂಡ ಅತ್ತೆ, ಏಕೆ ಮಲಗಿದೆಯೆಂದು ಕೇಳುವ ಬದಲು ಕಿಟಕಿಯ ಪರದೆ ಎಳೆದು ಹೋದರೆ, ಆ ಮನೆಯಲ್ಲಿ ಕಾಯಕದ ಅರ್ಥ ತಿಳಿದಿದೆಯೆಂದು ಹೇಳಬಹುದು.